ತಪಾಸಣೆಯ ದಿನದ ತಿಳಿನೀರು

ಹೊಳೆದಂಡೆಯ ಮನೆಯಿಂದ,
ಹದಿನಾಲ್ಕನೇ ತಾರೀಖು, ಬುಧವಾರ

ನಮ್ಮ ಮನೆಯ ಪ್ರಶ್ನೆಪತ್ರಿಕೆಗೆ ಅಪ್ಪನ ಮುದ್ದು,

ಗಂಟಲು ಸರಿಹೋಯಿತೇ ಮಗಳೇ? ಮೊನ್ನೆ ಸದನದಲ್ಲಿ ನೀನು ನಾಲ್ಕು ಸಲ ಕೆಮ್ಮಿದೆ. ಬಿಸಿನೀರು ಕುಡಿ, ಕಾನೂನು ಮಾಡುವವರು ಅಂತ ಶೀತವೇನೂ ರಿಯಾಯಿತಿ ಕೊಡುವುದಿಲ್ಲ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ನಿಮ್ಮಮ್ಮ ಹೊಲಿಗೆ ತರಗತಿ ನಡೆಸಲು ಹೋಗಿದ್ದಾಳೆ. ಅಲ್ಲಿ ಈಗ ಮಷಿನ್‌ಗಿಂತ ನಿನ್ನ ಸುದ್ದಿಯೇ ಜೋರಾಗಿ ಓಡುತ್ತದಂತೆ.

ಸೋಮವಾರ ವಿಧಾನಸಭೆಯ ಗ್ಯಾಲರಿಯಲ್ಲಿ ಕೂತು ನಿನ್ನನ್ನು ನೋಡಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಬಾಗಿಲ ಕಾವಲಿನವನು ನನ್ನ ಕೊಡೆ, ಪೆನ್ನು, ಕೊನೆಗೆ ಕೆಮ್ಮಿನ ಮಾತ್ರೆಯನ್ನೂ ತೆಗೆದಿಟ್ಟುಕೊಂಡ. ‘ಒಳಗೆ ಚಪ್ಪಾಳೆ ತಟ್ಟಬಾರದು ತಾತಾ’ ಅಂದ. ‘ಅಳಬಹುದೇನಪ್ಪಾ?’ ಅಂದೆ. ಪಾಪ, ಅವನಿಗೆ ಆ ನಿಯಮ ಗೊತ್ತಿರಲಿಲ್ಲ. ನೀನು ಎದ್ದು ನಿಂತ ಕೂಡಲೇ ಅಷ್ಟು ದೊಡ್ಡ ಸಭೆ ಗಪ್‌ಚಿಪ್ಪಾಯಿತು. ಇವಳು ನನ್ನ ಮಗಳೇ ಹೌದೇ ಎಂದು ಕಣ್ಣುಜ್ಜಿಕೊಂಡು ನೋಡಿದೆ.

ನಮ್ಮ ಬೀದಿಯ ತೆರೆದ ಚರಂಡಿಗೆ ಮುಚ್ಚಳ ಹಾಕಿಸಲು ನೀನು ನಗರಸಭೆಯ ಮೆಟ್ಟಿಲು ಸವೆಸುತ್ತಿದ್ದಾಗ ಜನ ‘ಚರಂಡಿ ಮೇಡಂ’ ಎಂದು ಆಡಿಕೊಂಡರು. ಆ ಹೆಸರನ್ನೇ ಪೋಸ್ಟರಿನ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ ಶಾಸಕಿಯಾದೆಯಲ್ಲ! ಆಮೇಲೆ ಕಸದ ಗುಡ್ಡದ ಕಾನೂನು, ಕೆರೆ ಒತ್ತುವರಿಯ ಕಾನೂನು. ಹದಿನೇಳು ವರ್ಷ ಪ್ರತಿ ಮಸೂದೆಯನ್ನೂ ಮೊದಲು ಫೋನಿನಲ್ಲಿ ನಮಗೇ ಓದಿದೆ. ನಿಮ್ಮಮ್ಮ ಆಕಳಿಸಿದ ಕಡೆಯಲ್ಲೆಲ್ಲ ‘ಇದು ಅರ್ಥ ಆಗ್ಲಿಲ್ಲ ಅಂತಾಯ್ತು’ ಎಂದು ತಿದ್ದಿ ಬರೆದೆ. ಒಬ್ಬ ಹೊಲಿಗೆ ಟೀಚರ ಆಕಳಿಕೆಗೆ ಇಷ್ಟು ಬೆಲೆ ಕೊಟ್ಟ ಶಾಸಕರು ಬೇರೆ ಯಾರಿದ್ದಾರೆ?

ಈಗ ಹೊಳೆಯ ಮಸೂದೆ. ಕಾರ್ಖಾನೆಗಳಿಗೆ ತಪಾಸಣೆಯವರು ಹೇಳದೆ ಕೇಳದೆ ಬರಬೇಕು ಎಂಬ ಕಲಮೇ ಅದರ ಜೀವ. ಎರಡು ಸಲ ಬಿದ್ದ ಮಸೂದೆ ಅದು. ಮೊನ್ನೆ ನೀನು ಐದನೇ ತರಗತಿಯ ನೋಟ್‌ಬುಕ್ ತೆಗೆದೆ. ಸ್ಕೂಲಿಗೆ ಹೋಗುವಾಗ ಹೊಳೆಯನ್ನು ನೋಡಿ ದಿನಾ ಬರೆದಿಟ್ಟದ್ದು: ‘ಸೋಮವಾರ ನೀಲಿ. ಮಂಗಳವಾರ ಕೆಂಪು. ಬುಧವಾರ ಕಡುಹಸಿರು, ನಾಯಿ ನೀರು ಕುಡಿಯಲಿಲ್ಲ.’ ಆಗ ಮಂತ್ರಿ ಆ ವರ್ಷದ ತಪಾಸಣೆಯ ವರದಿಗಳನ್ನು ಎತ್ತಿ ಹಿಡಿದು, ‘ತಪಾಸಣೆ ನಡೆದ ಆರು ದಿನವೂ ನಿಮ್ಮ ನೋಟ್‌ಬುಕ್ಕೇ ತಿಳಿನೀರು ಅನ್ನತ್ತಲ್ಲ ಮೇಡಂ?’ ಅಂದರು. ಮುಂಚೆಯೇ ತಿಳಿಸಿ ಬಂದರೆ ಹೀಗೇ ಆಗುವುದು ಎಂದೆ ನೀನು. ‘ಸಾಕ್ಷಿ ಎಲ್ಲಿ?’ ಅಂದರು. ನೀನು ಸುಮ್ಮನೆ ಕುಳಿತೆ. ಬರುವ ಸೋಮವಾರ ಸಮಿತಿಯ ಮುಂದೆ ಸಾಕ್ಷಿ ಬರದಿದ್ದರೆ ಆ ಕಲಮನ್ನು ಕಿತ್ತುಹಾಕುತ್ತಾರೆಂದು ಪೇಪರಿನಲ್ಲಿ ಓದಿದೆ. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ.

ಹೊತ್ತು ಹೊತ್ತಿಗೆ ತಿನ್ನು. ನಿನ್ನ ಗಂಟಲಿಗೂ ಧೈರ್ಯಕ್ಕೂ ಯಾರ ಕಣ್ಣೂ ತಾಗದಿರಲಿ.

ಇಂತಿ,
ನಿನ್ನ ಪ್ರಶ್ನೆಗಳಿಗೆ ಎಂದೂ ಪೂರ್ತಿ ಉತ್ತರ ಕೊಡದ
ಅಪ್ಪ

ಮರೆತಿದ್ದೆ (ಮರೆತಿರಲಿಲ್ಲ, ನಿಮ್ಮಮ್ಮ ಬರುವಷ್ಟರಲ್ಲಿ ಬರೆದುಬಿಡುತ್ತೇನೆ): ನಾನು ದುಡಿಯುತ್ತಿದ್ದ ಬಣ್ಣದ ಕಾರ್ಖಾನೆಗೆ ಹಿಂದಿನ ದಿನವೇ ತಪಾಸಣೆಯ ಫೋನು ಬರುತ್ತಿತ್ತು. ಬೆಳಿಗ್ಗೆ ಐದಕ್ಕೆ ಬಣ್ಣದ ನೀರು ನಿಲ್ಲಿಸಿ, ಹೊಳೆಗೆ ಹೋಗುವ ಮೋರಿಗೆ ಬೋರ್‌ವೆಲ್ ನೀರು ಬಿಡುತ್ತಿದ್ದವನು ನಾನೇ. ನೆಂಟರು ಬರುವ ಮುಂಚೆ ಮನೆ ಗುಡಿಸಿದ ಹಾಗೆ ಅಂದುಕೊಂಡು ಹನ್ನೊಂದು ವರ್ಷ ಮಾಡಿದೆ. ನಿನಗೆ ಇದು ಗೊತ್ತಿತ್ತು ಅನ್ನಿಸುತ್ತದೆ. ಮಂತ್ರಿ ಸಾಕ್ಷಿ ಕೇಳಿದಾಗ ನೀನು ಗ್ಯಾಲರಿಯ ಕಡೆ ಒಮ್ಮೆಯೂ ತಲೆ ಎತ್ತಲಿಲ್ಲ. ನಿನ್ನ ಹದಿನೇಳು ವರ್ಷದ ಕೆಲಸ ಮುಳುಗಿದರೂ ಸರಿ, ಅಪ್ಪನ ಮಾನ ಉಳಿಯಲಿ ಎಂದು ಕುಳಿತುಬಿಟ್ಟೆ. ಇಷ್ಟು ದೊಡ್ಡವಳು ಯಾವಾಗ ಆದೆ ಮಗಳೇ? ಸೋಮವಾರ ಮೊದಲ ಬಸ್ಸಿಗೆ ಬರುತ್ತೇನೆ. ಸಮಿತಿಯ ಮುಂದೆ ನನ್ನನ್ನು ಕರೆಯುವಾಗ ‘ನಮ್ಮಪ್ಪ’ ಅನ್ನಬೇಡ. ‘ಕಾರ್ಖಾನೆಯ ಮೇಸ್ತ್ರಿ’ ಅನ್ನು, ಎಲ್ಲ ಪ್ರಶ್ನೆಯನ್ನೂ ಕೇಳು.