ಕೆಂಪು ಕೊಂಡಿ

ಜೂನ್ 4, ಬೆಳಿಗ್ಗೆ

ಮತ್ತೆ ಸೊಟ್ಟ. ಮೇಲಿನ ಹಲಗೆಯ ಬೋಲ್ಟು ಬಿಚ್ಚಿ ಇನ್ನೊಮ್ಮೆ ಬಿಗಿದೆ. ಬೆರಳು ಜಜ್ಜಿಕೊಂಡದ್ದೇ ಲಾಭ. ಅಂತೂ ಸಸಿಗಳ ರ್ಯಾಕು ನಿಂತಿತು, ಹಿಂದಿನ ಸಣ್ಣ ರೂಮಿನಲ್ಲಿ. ಎಲ್‌ಇಡಿ ಟ್ಯೂಬುಗಳನ್ನು ಸರಪಳಿಯಲ್ಲಿ ತೂಗುಹಾಕಿದೆ. ಎಲೆಗಳಿಂದ ಒಂದು ಗೇಣು ಮೇಲೆ. ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು.

ನಡುವೆ ಅಮ್ಮನ ಗಿಡ. ಗಿಡವೆಲ್ಲಿ ಬಂತು... ಬೇರು ಬರಲೆಂದು ಸಣ್ಣ ಕುಂಡದಲ್ಲಿ ನೆಟ್ಟ ಒಂದು ಎಲೆ. ಅಮ್ಮ ಹೋದ ಮೇಲೆ ಅವಳ ನೇರಳೆ ಹೂವಿನ ಕುಂಡ ಒಣಗಿಹೋಯಿತು. ಬದುಕಿದ್ದು ಇದೊಂದೇ. ಇದೂ ಹೋದರೆ ಮುಗಿಯಿತು.

ಮಾವ ಬಾಗಿಲಲ್ಲಿ ನಿಂತು ನೋಡಿದರು. "ಎಷ್ಟು ಬೆಳಕಮ್ಮಾ! ನನ್ನ ಟೈಲರ್ ಅಂಗಡೀಲಿ ಇಂಥದ್ದು ಇರ್ಬೇಕಿತ್ತು." ಈಗಲೂ ಮನೆಯ ಹಾಲ್‌ನಲ್ಲಿ ಹೊಲಿಗೆ ಮಿಶನ್ ಇಟ್ಟುಕೊಂಡು ಅಕ್ಕಪಕ್ಕದವರ ಬಟ್ಟೆ ಹೊಲಿಯುತ್ತಾರೆ. ನಾದಿನಿ ಮಾತ್ರ ಇಣುಕಲೂ ಇಲ್ಲ. ಪರೀಕ್ಷೆಗೆ ಓದಲು ಆ ರೂಮು ಬೇಕೆಂದಿದ್ದಳು. ನನಗೆ ಸಿಕ್ಕಿತಲ್ಲ, ಅದಕ್ಕೆ.

ಜೂನ್ 11

ಆಫೀಸಿನಿಂದ ಬಂದು ನೋಡಿದರೆ ಲೈಟು ಸರಪಳಿಯಲ್ಲಿ ಹತ್ತು ಕೊಂಡಿ ಮೇಲಿದೆ! ಅಮ್ಮನ ಎಲೆ ಮೂಲೆಗೆ ಸರಿದಿದೆ. ಇವರನ್ನು ಕೇಳಿದೆ. "ಸರಪಳಿ ಜಾರಿರುತ್ತೆ ಬಿಡು." ಜಾರಿದ್ದು ಕೆಳಗೆ ಬರುತ್ತದೆ ಮಹಾರಾಯರೇ, ಮೇಲೆ ಹತ್ತುವುದಿಲ್ಲ.

ಇರಲಿ. ಲೈಟು ಮತ್ತೆ ಇಳಿಸಿ, ಕೊಕ್ಕೆಗೆ ಸಿಕ್ಕಿಸುವ ಕೊಂಡಿಗೆ ಕೆಂಪು ನೇಲ್ ಪಾಲಿಶ್ ಹಚ್ಚಿಟ್ಟೆ. ಯಾರಿಗೂ ಹೇಳಿಲ್ಲ.

ಜೂನ್ 13

ಕೆಂಪು ಕೊಂಡಿ ಗಾಳಿಯಲ್ಲಿ ಜೋತಾಡುತ್ತಿದೆ. ಬೇರೆ ಕೊಂಡಿ ಕೊಕ್ಕೆಯಲ್ಲಿ. ಜೊತೆಗೆ, ರ್ಯಾಕಿನ ಮುಂದೆ ನಾದಿನಿಯ ಓದುವ ಕುರ್ಚಿ! ಇನ್ನೇನು ಸಾಕ್ಷಿ ಬೇಕು? ಊಟಕ್ಕೆ ಕೂತಾಗ ಅವಳ ಮುಖವನ್ನೇ ನೋಡಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಕೂತಿದ್ದಳು.

ಜೂನ್ 16, ಭಾನುವಾರ

ಸಸಿಗಳೆಲ್ಲ ಬೆಳಕಿಗೆ ಕತ್ತು ಚಾಚಿ ಚಾಚಿ ಬಿದ್ದಿವೆ. ಬೆಳಕಿಲ್ಲದ ಮೂಲೆಯಲ್ಲಿ ಅಮ್ಮನ ಎಲೆಯ ಬುಡ ಕೊಳೆತು ಮೆತ್ತಗಾಗಿದೆ. ತಡೆಯಲಾಗಲಿಲ್ಲ. ತಿಂಡಿಯ ಹೊತ್ತಿಗೆ ಎಲ್ಲರ ಮುಂದೆಯೇ ಕೇಳಿದೆ. "ಸಿಟ್ಟಿದ್ರೆ ನನ್ನ ಮೇಲೆ ತೀರಿಸ್ಕೋ. ಸತ್ತುಹೋದ ನಮ್ಮಮ್ಮ ನಿಂಗೇನು ಮಾಡಿದ್ಲು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಮುಟ್ಟಿಕೊಳ್ಳಲಿಲ್ಲ. ಅಪ್ಪನ ಕಡೆ ಒಮ್ಮೆ ನೋಡಿದಳು. "ಹೌದು ಅತ್ತಿಗೆ, ನಾನೇ." ಅಷ್ಟೇ. ಬ್ಯಾಗು ತುಂಬಿಕೊಂಡು ಗೆಳತಿಯ ರೂಮಿಗೆ ಹೊರಟೇಹೋದಳು. ಮಾವ ತಟ್ಟೆಯಿಂದ ತಲೆ ಎತ್ತಲಿಲ್ಲ.

ಒಪ್ಪಿಕೊಂಡಳಲ್ಲ, ಸಾಕು. ಲೈಟು ಮತ್ತೆ ಕೆಂಪು ಕೊಂಡಿಗೆ ಇಳಿಸಿದೆ.

ಜೂನ್ 18

ಅವಳಿಲ್ಲ. ಲೈಟು ಮತ್ತೆ ಮೇಲೆ!!

ಜೂನ್ 19, ಮಧ್ಯಾಹ್ನ

ಅರ್ಧ ದಿನ ರಜೆ ಹಾಕಿ ಸದ್ದಿಲ್ಲದೆ ಬಂದೆ. ಹಾಲ್‌ನಲ್ಲಿ ಮಿಶನ್ ಮುಂದೆ ಯಾರೂ ಇಲ್ಲ.

ಮಾವ ಆ ಕುರ್ಚಿಯಲ್ಲಿ ಕೂತು, ರ್ಯಾಕಿನೊಳಗೆ ತಲೆ ತೂರಿಸಿದ್ದರು. ಟ್ಯೂಬಿನ ಕೆಳಗೆ ಒಂದು ಕೈಯಲ್ಲಿ ಸೂಜಿ, ಇನ್ನೊಂದರಲ್ಲಿ ದಾರ. ದಾರ ಪಕ್ಕದಲ್ಲೇ ಹೋಗುತ್ತಿತ್ತು. ಮತ್ತೆ ತುದಿ ನಾಲಿಗೆಗೆ ತಾಗಿಸುವುದು, ಮತ್ತೆ ಪಕ್ಕಕ್ಕೆ. ಅಮ್ಮನ ಎಲೆಯನ್ನು ಕೈ ತಾಗದ ಹಾಗೆ ಮೂಲೆಯಲ್ಲಿಟ್ಟಿದ್ದರು.

"ಹಾಲಲ್ಲಿ ಏನೂ ಕಾಣಲ್ಲಮ್ಮ. ಲೈಟು ತಲೆಗೆ ತಾಗುತ್ತೆ ಅಂತ ಎತ್ತಿದೆ, ಇಳಿಸೋದು ಮರೆತುಬಿಡ್ತೀನಿ... ಮಗನಿಗೆ ಹೇಳ್ಬೇಡ. ಕಣ್ಣು ಮಂಜಾಗಿದೆ ಅಂತ ಮಿಶನ್ ಮಾರಿಬಿಡ್ತಾನೆ."

"ಅವಳಿಗೆ ಗೊತ್ತಾ ಮಾವ?"

"ಕುರ್ಚಿ ತಂದಿಟ್ಟವಳೇ ಅವಳು. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸಿದ್ದೆ. ಅವತ್ತು ನಾನು ಬಾಯಿ ಬಿಡ್ಬೇಕಿತ್ತು. ಹೆದರಿಬಿಟ್ಟೆ."

ಸೂಜಿಗೆ ನಾನೇ ದಾರ ಪೋಣಿಸಿದೆ. ನನಗೂ ಒಂದೇ ಸಲಕ್ಕೆ ಆಗಲಿಲ್ಲ.

ಸಂಜೆ

ಎಲೆಯ ಕೊಳೆತ ಬುಡ ಕತ್ತರಿಸಿ ಉಳಿದರ್ಧ ಮತ್ತೆ ನೆಟ್ಟೆ. ಕೆಳಗಿನ ಹಲಗೆಯ ಟ್ಯೂಬು ಬಿಚ್ಚಿ ಮಿಶನ್ನಿನ ಮೇಲೆ ಕಟ್ಟಿದೆ. ಇವರು ಕೇಳಿದರೆ ಏನಾದರೂ ಹೇಳಿದರಾಯಿತು. ನಾದಿನಿಗೆ ಏನು ಹೇಳಲಿ? ಫೋನ್ ಮಾಡಿದರೆ ಎತ್ತುತ್ತಿಲ್ಲ. ಎಲ್ಲರ ಮುಂದೆ ಬೈದೆ, ಕ್ಷಮೆಯನ್ನೂ ಎಲ್ಲರ ಮುಂದೆಯೇ ಕೇಳಬೇಕು. ಕೇಳಿದರೆ ಮಾವನ ಕಣ್ಣಿನ ವಿಷಯ ಹೊರಬೀಳುತ್ತದೆ. ಅವಳು ಬಾಯಿ ಮುಚ್ಚಿಕೊಂಡದ್ದೇ ಅದಕ್ಕಲ್ಲವೇ...

ಫೋನ್. ಅವಳೇ. ಮೊದಲ ಮಾತು ಏನು ಆಡಲಿ ಎಂದು ಇನ್ನೂ—