ಎರಡು ಹಲ್ಲಿನ ಗುರುತು

ಮಾರ್ಚ್ ೧೪, ಗುರುವಾರ ಸಂಜೆ

ಪ್ರೀತಿಯ ಅಮ್ಮ,

ಆಫೀಸಿನಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಬರೆಯಲು ಕೂತಿದ್ದೇನೆ. ಬಿಟ್ಟರೆ ಮಲಗಿಬಿಡುತ್ತೇನೆ, ಅಷ್ಟು ಸುಸ್ತು. ಫೋನಿನಲ್ಲಿ ನೀನು ಮಾತು ತಿರುಗಿಸುತ್ತೀಯ, ನಾನೂ ಸುಮ್ಮನಾಗುತ್ತೇನೆ. ಅದಕ್ಕೇ ಈ ಕಾಗದ.

ಅಪ್ಪ ಹೋಗಿ ವರ್ಷವಾದ ಮೇಲೆ ಅವರ ಕಪಾಟು ಖಾಲಿ ಮಾಡುವಾಗ ಸಿಕ್ಕಿತಲ್ಲ, ಆ ಕ್ಲಾರಿನೆಟ್ಟಿನ ವಿಷಯ. "ನಿಮ್ಮಪ್ಪಂದು, ಯಾವುದಾದ್ರೂ ಶಾಲೆ ಬ್ಯಾಂಡಿಗೆ ಕೊಟ್ಬಿಡು" ಎಂದು ನೀನು ಹೇಳಿದ್ದೆ. ಕೊಡುವುದಾದರೂ ಊದುವಂತಿರಲಿ ಎಂದು ರಿಪೇರಿಯವರ ಬಳಿ ಒಯ್ದೆ. ಯಾವ ಕಂಪನಿಯದೆಂದು ತಿಳಿಯುವ ಆಸೆಯೂ ಇತ್ತು.

ಅವರು ಮೂರು ವಾರ ತೆಗೆದುಕೊಂಡರು. ತೂತು ಮುಚ್ಚುವ, ಗಾಳಿ ಸೋರುತ್ತಿದ್ದ ಪ್ಯಾಡುಗಳನ್ನೆಲ್ಲ ಬದಲಿಸಿದರು, ಮರದ ಬಿರುಕಿಗೆ ಅಂಟು ತುಂಬಿದರು. ಕಂಪನಿಯ ಮುದ್ರೆ ಮಾತ್ರ ಪೂರಾ ಸವೆದುಹೋಗಿತ್ತು. ಮೇಲಿನ ತುಂಡು ಒಂದು ವಾದ್ಯದ್ದು, ಕೆಳಗಿನದು ಇನ್ನೊಂದರದ್ದಂತೆ. "ಕುಲಗೋತ್ರ ಸಿಗಲಿಲ್ಲ ಮೇಡಂ, ಆದ್ರೆ ಸಂಸಾರ ಚೆನ್ನಾಗೇ ಮಾಡ್ಕೊಂಡಿವೆ" ಎಂದು ನಕ್ಕರು.

ಆಮೇಲೆ ಹಿಂಬದಿ ತೋರಿಸಿದರು. ಬಲ ಹೆಬ್ಬೆರಳ ಮೇಲೆ ಭಾರ ಕೂರುವ ಲೋಹದ ಕೊಕ್ಕೆಯನ್ನು ಯಾರೋ ಕಿತ್ತು ಅರ್ಧ ಇಂಚು ಮೇಲೆ ಕೂರಿಸಿದ್ದರು. "ಇದನ್ನ ನುಡಿಸ್ತಿದ್ದೋರ ಕೈ ತುಂಬ ಚಿಕ್ಕದು" ಎಂದರು. ಅಪ್ಪನ ಅಂಗೈ ಮೊರದಷ್ಟಿತ್ತು. ಊದುವ ತುದಿಯಲ್ಲಿ ಮೇಲಿನ ಹಲ್ಲು ಊರಿ ಊರಿ ಎರಡು ಗುಳಿ ಬಿದ್ದಿವೆ, ನಡುವೆ ಅಗಲವಾದ ಸಂದು. ಬಾಯಿಗಿಟ್ಟು ನೋಡಿದೆ. ನನ್ನ ಹಲ್ಲು ಸರಿಯಾಗಿ ಕೂತವು. ಆ ಸಂದು ನನಗೆ ಬಂದದ್ದು ಅಪ್ಪನಿಂದಲ್ಲ.

ಆಗಿನಿಂದ ಒಂದೇ ಯೋಚನೆ. ಶಾಲೆ ಬಿಟ್ಟು ಬಂದಾಗ ಬಾಗಿಲಾಚೆ ಕೇಳುತ್ತಿದ್ದದ್ದನ್ನು ರೇಡಿಯೋ ಅಂದುಕೊಂಡಿದ್ದೆ, ತಟ್ಟಿದೊಡನೆ ನಿಲ್ಲುತ್ತಿತ್ತು. ಏಳನೇ ತರಗತಿಯ ಪರೀಕ್ಷೆಯ ವಾರ, "ಆ ಹಾಳು ರೇಡಿಯೋ ಹಾಕ್ಬೇಡಮ್ಮ, ತಲೆ ಸಿಡಿಯತ್ತೆ" ಎಂದೆ. ನೀನು ಆಯ್ತು ಎಂದೆ, ಅಷ್ಟೆ. ಆಮೇಲೆ ಅದನ್ನು ಕೇಳಿದ ನೆನಪಿಲ್ಲ. ನೀನು ನಿಲ್ಲಿಸಿದ್ದಕ್ಕೆ ನಾನು ಬರೀ ನೆಪವೋ, ಕಾರಣವೇ ನಾನೋ? ಎದುರಿಗೆ ಕೇಳುವ ಧೈರ್ಯ ಈ ವಯಸ್ಸಿಗೂ ಬಂದಿಲ್ಲ. ಉತ್ತರ ಬರೆಯಲೇಬೇಕೆಂದಿಲ್ಲ.

ನಿನ್ನ
ದೊಡ್ಡವಳು

ಮರೆತಿದ್ದೆ: ಶಾಲೆಗೆ ಕೊಟ್ಟಾಯಿತು ಎಂದು ಮೊನ್ನೆ ಹೇಳಿದ್ದು ಸುಳ್ಳು. ಕ್ಲಾರಿನೆಟ್ಟಿನ ಪೆಟ್ಟಿಗೆ ಈ ಕಾಗದದ ಜೊತೆಗೇ ಬಂದಿದೆ. ಕೊಕ್ಕೆಯನ್ನು ಮೊದಲಿನ ಜಾಗಕ್ಕೆ ಇಳಿಸಲೇ ಎಂದು ರಿಪೇರಿಯವರು ಕೇಳಿದರು, ಬೇಡವೆಂದೆ. ಭಾನುವಾರ ಬರುತ್ತೇನೆ. ಒಳಗೆ ಸದ್ದಿದ್ದರೆ ಬಾಗಿಲು ತಟ್ಟುವುದಿಲ್ಲ, ಮೆಟ್ಟಿಲ ಮೇಲೆ ಕೂತಿರುತ್ತೇನೆ.