ತಂಗೆವ್ವ ಹೇಗೆ ಸಾಯಬೇಕು ಎಂದು ಕೇಳಿದವರಿಗೆ

ಮಾನ್ಯ ಕಾರ್ಯಕ್ರಮ ಮುಖ್ಯಸ್ಥರೇ,

ರೊಟ್ಟಿ ತಂಗೆವ್ವನನ್ನು ಯಾವ ರೀತಿ ಕೊಂದರೆ ನಮಗೆ ಖುಷಿಯಾಗುತ್ತದೆ ಎಂದು ನಿಮ್ಮ ವಾಹಿನಿ ಒಂದು ವಾರದಿಂದ ಊರನ್ನೆಲ್ಲ ಕೇಳುತ್ತಿದೆ. ‘ಎ’ ಎಂದು ಎಸ್ಸೆಮ್ಮೆಸ್ ಕಳಿಸಿದರೆ ಗಲ್ಲು, ‘ಬಿ’ ಎಂದರೆ ತನ್ನ ವಿಷದ ರೊಟ್ಟಿಯನ್ನು ತಾನೇ ತಿಂದು ಸಾವು, ‘ಸಿ’ ಎಂದರೆ ಸಿಲಿಂಡರ್ ಸಿಡಿದು ಸಾವು. ಸರಿಯುತ್ತರ ಹೇಳಿದವರಿಗೆ ಮಿಕ್ಸಿ ಬಹುಮಾನ. ಸಾವಿಗೂ ಸರಿಯುತ್ತರ ಇರುತ್ತದೆಂದು ನನಗೆ ಗೊತ್ತಿರಲಿಲ್ಲ, ನಿಮ್ಮಿಂದ ಜ್ಞಾನೋದಯವಾಯಿತು. ತಂಗೆವ್ವ ನಿಮ್ಮ ಧಾರಾವಾಹಿಯ ಪಾತ್ರ, ಒಪ್ಪಿದೆ. ಆದರೆ ಅವಳ ಮಾತು, ನಡಿಗೆ, ನಗು ಎಲ್ಲವನ್ನೂ ನೀವು ಎತ್ತಿಕೊಂಡು ಹೋದದ್ದು ನಮ್ಮ ಅತ್ತೆ ಮುರಿಗೆವ್ವನವರಿಂದ. ಅವರು ಬದುಕಿದ್ದಾರೆ. ಬಿಟಿಎಂ ಬಡಾವಣೆಯ ನಮ್ಮ ಖಾನಾವಳಿಯಲ್ಲಿ ದಿನಾ ಜೋಳದ ರೊಟ್ಟಿ ಬಡಿಯುತ್ತಾರೆ.

ಈ ಹೆಂಗಸಿಗೆ ಹಾಸ್ಯಪ್ರಜ್ಞೆ ಇಲ್ಲ ಎಂದು ಈಗಾಗಲೇ ತೀರ್ಮಾನಿಸಿರುತ್ತೀರಿ. ಹಾಗಲ್ಲ ಸ್ವಾಮಿ. ನಿಮ್ಮ ‘ಕೊಲೆಗೊಂದು ಕಚಗುಳಿ’ಯ ಮೊದಲ ಎರಡು ಸೀಸನ್‌ಗಳನ್ನು ನಾನು ಒಂದು ಕಂತೂ ಬಿಡದೆ ನೋಡಿದವಳು. ಜಯನಗರದ ದಂತವೈದ್ಯ ತನ್ನ ಅಣ್ಣತಮ್ಮಂದಿರನ್ನು ಒಬ್ಬೊಬ್ಬರನ್ನಾಗಿ ಮುಗಿಸಿ, ಅವರ ಫೋಟೋಗಳಿಗೆ ಹಾರ ಕೊಳ್ಳುವಾಗ ಹೂವಿನವಳ ಜತೆ ಚೌಕಾಸಿ ಮಾಡುತ್ತಿದ್ದನಲ್ಲ, ಅದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಕೋಣನಕುಂಟೆಯ ದಲ್ಲಾಳಿ, ಹೆಣ ಹೂತಿಟ್ಟ ಸೈಟನ್ನೇ ವಾಸ್ತು ಪ್ರಕಾರ ಬಹಳ ಚೆನ್ನಾಗಿದೆ ಎಂದು ಮಾರಲು ಹೊರಟಾಗಲೂ ನಕ್ಕಿದ್ದೇನೆ. ಅಲ್ಲಿ ನಾವು ನಕ್ಕದ್ದು ದುರಾಸೆಗೆ, ಸುಳ್ಳಿಗೆ, ದೊಡ್ಡ ಮನುಷ್ಯರ ಸಣ್ಣತನಕ್ಕೆ. ಈ ಮೂರನೇ ಸೀಸನ್ನಿನಲ್ಲಿ ಯಾವುದಕ್ಕೆ ನಗಬೇಕು, ಹೇಳಿ? ತಂಗೆವ್ವ ‘ಐತಿ’ ಎಂದರೆ ಹಿನ್ನೆಲೆಯಲ್ಲಿ ಒಂದು ಕುಂಯ್ ಸದ್ದು, ‘ಬ್ಯಾಡ’ ಎಂದರೆ ಇನ್ನೊಂದು. ಅವಳು ಕೊಲ್ಲುವುದಾದರೂ ಏಕೆ? ದಂತವೈದ್ಯನಿಗೆ ಆಸ್ತಿಯ ಆಸೆಯಿತ್ತು. ದಲ್ಲಾಳಿಗೆ ಜೈಲಿನ ಭಯವಿತ್ತು. ತಂಗೆವ್ವನಿಗೆ ಏನಿದೆ? ಉತ್ತರ ಕರ್ನಾಟಕವಿದೆ! ಅಷ್ಟೇ ಸಾಕು ಎಂದು ನಿಮ್ಮ ಬರಹಗಾರರ ತಂಡಕ್ಕೆ ಅನಿಸಿತು, ಅದನ್ನು ನೀವು ಮಂಜೂರು ಮಾಡಿದಿರಿ.

ಆ ತಂಡ ನಮ್ಮಲ್ಲಿಗೆ ಬಂದದ್ದು ಹೋದ ಶ್ರಾವಣದಲ್ಲಿ. ನಮ್ಮ ಕಡೆಯ ಬದುಕಿನ ಬಗ್ಗೆ ಸೀರಿಯಲ್ ಮಾಡುತ್ತೇವೆ ಎಂದರು. ಅತ್ತೆಯವರಿಗೆ ಹಿಗ್ಗೋ ಹಿಗ್ಗು. ನಿಮ್ಮ ನಟಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆಕೆಯ ಕೈ ಹಿಡಿದು ರೊಟ್ಟಿ ಬಡಿಯುವುದನ್ನು ಕಲಿಸಿದರು. ನಮ್ಮಲ್ಲಿ ಎರಡನೇ ರೊಟ್ಟಿಯನ್ನು ಕೇಳಿ ಬಡಿಸುವ ಪದ್ಧತಿಯಿಲ್ಲ. ಹಿಂದಿನಿಂದ ಬಂದು ತಟ್ಟೆಗೆ ಹಾಕಿಬಿಡುವುದು. ಬೇಡವಾದವರು ಎರಡೂ ಕೈಯಿಂದ ತಟ್ಟೆ ಮುಚ್ಚಬೇಕು. ಅದೊಂದು ಪ್ರೀತಿಯ ಜಗಳ. “ಅರ್ಧಾ ಹೊಟ್ಟೀಲೆ ಎದ್ರ ನನಗ ನಿದ್ದಿ ಹತ್ತೂದಿಲ್ಲ, ಉಣ್ರಿ” ಎಂದು ಅತ್ತೆ ಗದರುತ್ತಿದ್ದರು, ನಿಮ್ಮವರು ಕಿಸಿಕಿಸಿ ನಗುತ್ತ ಉಂಡರು.

ಮೊದಲ ಕಂತು ಬರುವ ದಿನ ಅತ್ತೆ ಬೀದಿಯವರನ್ನೆಲ್ಲ ಟಿವಿ ಮುಂದೆ ಕರೆದು ಕೂರಿಸಿದ್ದರು. ಅದೇ ಮಾತು, ಅದೇ ಗದರಿಕೆ, ಅದೇ ಎರಡನೇ ರೊಟ್ಟಿ. ತಟ್ಟೆಗೆ ಅದು ಬಿದ್ದವನು ಬಾಯಲ್ಲಿ ನೊರೆ ಕಾರಿ ಸತ್ತ. ತಟ್ಟೆ ಮುಚ್ಚಿದವನು ಬದುಕಿಕೊಂಡ. ಭೇಷ್! ಏನು ಕಲ್ಪನೆ, ಏನು ಪ್ರತಿಭೆ! ಅತ್ತೆ ಎದ್ದು ಹೋಗಿ, ಬಂದವರಿಗೆಲ್ಲ ಚಹಾ ಮಾಡಿ ತಂದರು. ಅದನ್ನೂ ಒಬ್ಬಿಬ್ಬರು ಕುಡಿಯದೆ ಇಟ್ಟು ಹೋದರು.

ಅಂದಿನಿಂದ ನಮ್ಮಲ್ಲಿ ಊಟ ಹೇಗೆ ನಡೆಯುತ್ತದೆ ಗೊತ್ತೇ? ಅತ್ತೆ ರೊಟ್ಟಿ ಹಿಡಿದು ಬಂದರೆ ಸಾಕು, ಇಡೀ ಸಾಲು “ಅಯ್ಯಯ್ಯೋ ಆಂಟಿ, ಸಾಯಿಸ್ಬೇಡಿ!” ಎಂದು ತಟ್ಟೆ ಮುಚ್ಚಿ ಕಿರುಚುತ್ತದೆ. ಮೊದಮೊದಲು ಅತ್ತೆಯೂ ನಕ್ಕರು. ಆಮೇಲೆ ಶ್ರೀನಗರದ ಸೀತಮ್ಮ ಬಂದರು. ಯಜಮಾನರಿಗೆ ಶುಗರ್ ಎಂದು ವರ್ಷಗಳಿಂದ ನಮ್ಮಲ್ಲಿ ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಿದ್ದವರು. “ತಪ್ಪು ತಿಳ್ಕೋಬೇಡಿ ಮಧು, ಅದು ಬರೀ ಕಥೆ ಅಂತ ನಮ್ಗೂ ಗೊತ್ತು. ಆದ್ರೂ ತಿನ್ನೋವಾಗ ಮನಸ್ಸಿಗೆ ಒಂಥರಾ ಆಗುತ್ತೆ ಅಂತಾರೆ ಇವ್ರು” ಎಂದು ನನಗೆ ಹೇಳಿ, ರೊಟ್ಟಿ ಒಯ್ಯದೆ ಹೋದರು. ಅತ್ತೆ ಒಳಗಿನಿಂದ ಕೇಳಿಸಿಕೊಂಡರು. ಮರುದಿನದಿಂದ ಅವರು ಬಡಿಸಲು ಹೊರಗೆ ಬರುವುದನ್ನೇ ಬಿಟ್ಟರು. ಈಗ ಬಡಿಸುವವಳು ನಾನು. ಇನ್ನೊಂದು ಬೇಕೇ ಎಂದು ಕೇಳಿ, ಹೂಂ ಎಂದವರಿಗಷ್ಟೇ ಹಾಕುತ್ತೇನೆ.

ನಿಮ್ಮ ಕಚೇರಿಗೆ ಫೋನು ಮಾಡಿದೆ. ನಿಮ್ಮ ಕೈಕೆಳಗಿನವರೊಬ್ಬರು ಸಮಾಧಾನ ಹೇಳಿದರು: “ಕಾಮಿಡಿ ಅಲ್ವಾ ಮೇಡಂ, ಲೈಟಾಗಿ ತಗೊಳ್ಳಿ. ನಿಮ್ಮ ಮೆಸ್ಸಿಗೆ ಫ್ರೀ ಪಬ್ಲಿಸಿಟಿ ಸಿಕ್ಕಂಗಾಯ್ತು.” ಅಬ್ಬಾ, ಎಂಥ ದೊಡ್ಡ ಮನಸ್ಸು! ಅವರ ತಾಯಿಯನ್ನು ವಿಷ ಹಾಕುವವಳೆಂದು ತೋರಿಸಿ ಪಬ್ಲಿಸಿಟಿ ಕೊಟ್ಟರೆ ಅವರು ಹೀಗೆಯೇ ಸಂತೋಷಪಡುತ್ತಾರೆಯೇ? ಕೇಳುವಷ್ಟರಲ್ಲಿ ಫೋನಿಟ್ಟರು.

ಈಗ ಈ ಎಸ್ಸೆಮ್ಮೆಸ್ ಸ್ಪರ್ಧೆ. ಮೊನ್ನೆ ಮಧ್ಯಾಹ್ನ ಗುರುಸಿದ್ದ, ನಮ್ಮ ಗದಗಿನವನೇ, ಬ್ಯಾಂಕಿನಲ್ಲಿದ್ದಾನೆ, ಉಣ್ಣುತ್ತ ಎಡಗೈಯಲ್ಲಿ ಮೊಬೈಲು ಒತ್ತುತ್ತಿದ್ದ. ಜೊತೆಯವರು “ಸಿ ಹಾಕು ಗುರು, ಸಿಲಿಂಡರ್ ಸಖತ್ತಾಗಿರುತ್ತೆ” ಎಂದು ಹುರಿದುಂಬಿಸುತ್ತಿದ್ದರು. ಅತ್ತೆ ಬಾಗಿಲಿಗೆ ಬಂದು, “ಏನೋ ತಮ್ಮಾ ಅದು?” ಎಂದರು. ಅವನ ಮುಖ ಸಪ್ಪಗಾಯಿತು. ಸುಳ್ಳು ಹೇಳಲೂ ಬಾರದೆ, ಎ, ಬಿ, ಸಿ ಮೂರನ್ನೂ ವಿವರಿಸಿದ. ಅತ್ತೆ ಪೂರ್ತಿ ಕೇಳಿ ಒಳಗೆ ಹೋದರು.

ಸಂಜೆ ಹಿಟ್ಟು ಜರಡಿ ಹಿಡಿಯುತ್ತ ನನ್ನನ್ನು ಕರೆದರು. “ಮಧೂ, ನೀನೂ ಒಂದ್ ಮೆಸೇಜ್ ಕಳಸವಾ. ಗಲ್ಲು ಅಂತ ಬರಿ. ಲಗೂನ ಸಾಯ್ಲಿ ಆಕಿ. ಆಕಿ ಸತ್ರ ಮಂದಿ ಮತ್ತ ನನ್ನ ಕೈಯಾಗ ಉಣ್ತಾರ.”

ನಾನು ಕಳಿಸಲಿಲ್ಲ. ಅವರೆದುರು ನಿಲ್ಲಲಾಗದೆ ಹಿತ್ತಲಿಗೆ ಹೋಗಿ, ಅವರು ನನ್ನ ಅತ್ತೆ ಎಂಬುದನ್ನು ಮರೆತು, ಹೆತ್ತ ತಾಯಿಗಾಗಿ ಅಳುವಂತೆ ಅತ್ತುಬಿಟ್ಟೆ. ಅತ್ತು ಬಂದು ಈ ಪತ್ರ ಬರೆಯಲು ಕೂತೆ. ನಿಮ್ಮ ಕ್ಷಮೆ ನನಗೆ ಬೇಡ, ಅದನ್ನು ಬರೆದುಕೊಡುವುದೂ ಆ ಬರಹಗಾರರೇ ತಾನೇ? ನನ್ನ ಬೇಡಿಕೆ ಇಷ್ಟು. ಸ್ಪರ್ಧೆಯನ್ನು ಇಂದೇ ನಿಲ್ಲಿಸಿ. ಕೊನೆಯ ಕಂತಿಗೆ ಮೊದಲು, ಧಾರಾವಾಹಿ ಬರುವ ಹೊತ್ತಿನಲ್ಲೇ, ಮುರಿಗೆವ್ವನವರ ಮುಖವನ್ನು ಇಡೀ ರಾಜ್ಯಕ್ಕೆ ತೋರಿಸಿ. ಕೆಳಗೆ ದಪ್ಪ ಅಕ್ಷರದಲ್ಲಿ ಹೀಗೆ ಬರೆಯಿರಿ: ಈ ಮಾತು ಇವರದು, ಈ ಕೈ ಇವರದು, ಈ ರೊಟ್ಟಿ ಇವರದು. ವಿಷ ಮಾತ್ರ ನಮ್ಮದು.

ಇಂತಿ,
ನಿಮ್ಮ ಮಿಕ್ಸಿಯ ಆಸೆಯಿಲ್ಲದ, ಮುರಿಗೆವ್ವನ ಸೊಸೆ
ಮಧುಮತಿ
ಬಿಟಿಎಂ ಬಡಾವಣೆ, ಬೆಂಗಳೂರು